ಊತ ಇಳಿದರೆ ಮಂಡಿ ಗುಣವಾದಂತಲ್ಲ

ಮಗಾ, ಚಳ್ಳಕೆರೆಯಲ್ಲಿ ಕಬಡ್ಡಿ ಆಡುವಾಗ ಮಂಡಿ ತಿರುಚಿಕೊಂಡೆಯಲ್ಲ, ಈಗ ಊತ ಇಳಿದಿದೆ, ಕುಂಟದೆ ನಡೆಯುತ್ತೀಯ. ಮೊಳಕಾಲ್ಮೂರಿನ ಪಂದ್ಯಕ್ಕೆ ಹೆಸರು ಕೊಡುತ್ತೇನೆ ಅನ್ನುತ್ತಿದ್ದೀಯಂತೆ. ಕೊಡಬೇಡ.

ಬಿದ್ದಾಗ ಒಳಗೆ ಟಪ್ ಅಂದಿತು, ಸಂಜೆಯೊಳಗೆ ಊದಿಕೊಂಡಿತು ಅಂದೆ. ಇವೆರಡೂ ಸೇರಿದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಹರಿದಿರುವ ಅನುಮಾನ ಬಲವಾಗುತ್ತದೆ. ಎಕ್ಸ್‌ರೇ ಸರಿಯಿದೆ ಅಂತ ಸಮಾಧಾನಪಡಬೇಡ, ಅದರಲ್ಲಿ ಕಾಣುವುದು ಮೂಳೆ, ಲಿಗಮೆಂಟ್ ಅಲ್ಲ. ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿ ಮೂಳೆ ಡಾಕ್ಟರಿಗೆ ತೋರಿಸು. ಕೈಯಲ್ಲಿ ಎಳೆದು ನೋಡಿ, ಬೇಕಿದ್ದರೆ ಎಂಆರ್‌ಐ ಬರೆಯುತ್ತಾರೆ. ಎಣ್ಣೆ ಹಚ್ಚಿ ತಿಕ್ಕಿಸುವುದು, ನಾಟಿ ಕಟ್ಟು ಹಾಕಿಸುವುದು ದಯವಿಟ್ಟು ಬೇಡ. ಪೂರ್ತಿ ಹರಿದದ್ದು ಅದರಿಂದ ಕೂಡುವುದಿಲ್ಲ, ಕಟ್ಟಿನೊಳಗೆ ತೊಡೆ ಸೊರಗುತ್ತದೆ ಅಷ್ಟೇ.

ನೇರ ನಡೆಯಲು, ಸೈಕಲ್ ಹೊಡೆಯಲು, ಗುಂಡಿಮಗ್ಗ ತುಳಿಯಲು ಎಸಿಎಲ್ ಅಷ್ಟಾಗಿ ಬೇಕಾಗುವುದಿಲ್ಲ. ಹುಡುಗರು ಮೋಸಹೋಗುವುದೇ ಇಲ್ಲಿ. ರೈಡಿಗೆ ಹೋಗಿ ಒಂಟಿ ಕಾಲ ಮೇಲೆ ಗಕ್ಕನೆ ತಿರುಗಿದಾಗ ಮಂಡಿ ಜಾರುತ್ತದೆ, ಒಳಗಿನ ಮೆತ್ತೆಯಂಥ ಮೆನಿಸ್ಕಸ್ಸೂ ಹರಿಯಬಹುದು. ಅದು ಹಾಳಾದವರಿಗೆ ಚಿಕ್ಕ ವಯಸ್ಸಿನಲ್ಲೇ ಮಂಡಿ ಸವೆತ ಶುರುವಾಗಬಹುದು. ನನಗಿರುವ ಭಯ ಅದೇ.

ಆಪರೇಷನ್ ಬೇಕೋ ವ್ಯಾಯಾಮವೇ ಸಾಕೋ ಡಾಕ್ಟರು ಹೇಳಲಿ. ಮಾಡಿದರೆ ಸಾಮಾನ್ಯವಾಗಿ ನಿನ್ನದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ತೆಗೆದ ಸ್ನಾಯುರಜ್ಜುವನ್ನು ಒಳಗೆ ಕೂರಿಸುತ್ತಾರೆ. ಮೊದಲ ಕೆಲವು ತಿಂಗಳು ಅದು ಇನ್ನಷ್ಟು ದುರ್ಬಲವಾಗಿ, ಆಮೇಲೆ ನಿಧಾನಕ್ಕೆ ಬಲಿಯುತ್ತದೆ. ನಿನಗೆ ನೋವೇ ಇಲ್ಲದ ದಿನಗಳು ಅವು! ಆಪರೇಷನ್ ಆಗಿ 9 ತಿಂಗಳಿಗೆ ಮುಂಚೆ ಅಂಕಣಕ್ಕಿಳಿದವರಿಗೆ ಮತ್ತೆ ಪೆಟ್ಟಾಗುವುದು ಹೆಚ್ಚು. ಆ ಅವಧಿ ಮುಗಿದರೂ ಆ ಕಾಲಿನ ತೊಡೆಯ ಬಲ ಇನ್ನೊಂದರ ಶೇ. 90ನ್ನಾದರೂ ಮುಟ್ಟಿರಬೇಕು, ಫಿಸಿಯೋಥೆರಪಿಯವರು ಅಳೆದು ಹೇಳುತ್ತಾರೆ.

ಕಾದರೆ ಆಟವೇನೂ ಮುಗಿದುಹೋಗುವುದಿಲ್ಲ. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್‌ನಲ್ಲಿ ಆಡುತ್ತಿದ್ದ ಪವನ್ ಸೆಹ್ರಾವತ್ ಇದ್ದಾರಲ್ಲ, 2022ರ ಅಕ್ಟೋಬರಿನಲ್ಲಿ ತಮಿಳ್ ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಉಳಿದ ಸೀಸನ್ ಪೂರ್ತಿ ಹೊರಗೆ ಕೂತರು. ಮರುವರ್ಷ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕ ಅವರೇ.

ಖೊಖೊ ಆಡುವ ನಿನ್ನ ತಂಗಿಗೂ ಹೇಳು. ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಆಟಕ್ಕೆ ಮುಂಚೆ ಕಾಲು ಗಂಟೆ ಮೈ ಬೆಚ್ಚಗೆ ಮಾಡಿಕೊಂಡು, ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಅಭ್ಯಾಸ ಮಾಡಲಿ. ಪಿಟಿ ಮೇಷ್ಟ್ರನ್ನು ಕೇಳಿದರೆ ಮಾಡಿಸುತ್ತಾರೆ. ನೀನು ಸೋಮವಾರವೇ ಅಪ್ಪನ ಜೊತೆ ಹೊರಡು, ಆ ಎಕ್ಸ್‌ರೇ ಮರೆಯದೆ ತಗೊಂಡು ಹೋಗು.