ಹೆರುಲಿಯರ ಉತ್ತರದ ನೆಲೆ: ಆಕರಗಳ ಮರುಪರಿಶೀಲನೆ

1

ಪ್ರಾಚೀನ ಜರ್ಮಾನಿಕ್ ಜನಾಂಗಗಳಲ್ಲಿ ಗಾಥರು, ವ್ಯಾಂಡಲರು, ಫ್ರಾಂಕರು ಸುಪರಿಚಿತರು. ಅವರ ಸಮಕಾಲೀನರಾಗಿ ಕ್ರಿ.ಶ. 3ನೆಯ ಶತಮಾನದಿಂದ 6ನೆಯ ಶತಮಾನದವರೆಗೆ ಕಾಣಿಸಿಕೊಂಡು, ಅನಂತರ ಕಣ್ಮರೆಯಾದ ಹೆರುಲಿಯರು ಚರಿತ್ರೆಯ ಅಂಚಿನಲ್ಲಿಯೇ ಉಳಿದಿದ್ದಾರೆ. ಅವರದೆಂದು ಖಚಿತವಾಗಿ ಹೇಳಬಹುದಾದ ಒಂದು ಬರಹವೂ ದೊರೆತಿಲ್ಲ. ಅವರ ಬಗೆಗೆ ತಿಳಿದಿರುವುದೆಲ್ಲ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಅನ್ಯರು ಬರೆದಿಟ್ಟದ್ದು.

ಹೆರುಲಿಯರು ಮೂಲತಃ ಸ್ಕಾಂಡಿನೇವಿಯದವರು, ದಕ್ಷಿಣಕ್ಕೆ ವಲಸೆ ಬಂದವರು, ಕೊನೆಗೆ ಅವರಲ್ಲೊಂದು ಪಂಗಡ ತನ್ನ ತಾಯ್ನೆಲಕ್ಕೆ ಮರಳಿತು ಎಂಬ ಕಥನ ಬಹುಕಾಲ ಪ್ರಚಲಿತವಾಗಿತ್ತು. ಈ ಕಥನ ಯಾವ ಆಕರದಲ್ಲಿದೆ ಎಂದು ಹುಡುಕಿದರೆ, ಇಡಿಯಾಗಿ ಅದು ಯಾವ ಆಕರದಲ್ಲಿಯೂ ಇಲ್ಲವೆಂಬುದು ಗೊತ್ತಾಗುತ್ತದೆ. ಬೇರೆ ಬೇರೆ ಆಕರಗಳ ತುಣುಕುಗಳನ್ನು ಆಧುನಿಕರು ಹೊಂದಿಸಿದ್ದರಿಂದ ಅದು ರೂಪುಗೊಂಡಿದೆ. ಆ ತುಣುಕುಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಹೆರುಲಿಯರ ಹೆಸರು ಮೊದಲು ಕೇಳಿಬರುವುದು ಕಪ್ಪುಸಮುದ್ರದ ಕಡೆಯಿಂದ. ಕ್ರಿ.ಶ. 267-68ರ ಸುಮಾರಿಗೆ ಅವರು ಹಡಗುಗಳಲ್ಲಿ ಬಂದು ಏಜಿಯನ್ ತೀರವನ್ನು ಸೂರೆಗೈದು ಅಥೆನ್ಸನ್ನು ಹಾಳುಗೆಡವಿದರು. ಈ ದಾಳಿಯ ಅನಂತರ ಅಥೆನ್ಸಿನವರು ಕೆಡವಲ್ಪಟ್ಟ ಕಟ್ಟಡಗಳ ಕಲ್ಲುಗಳಿಂದಲೇ ಕಟ್ಟಿದ ಕೋಟೆಗೋಡೆಯ ಅವಶೇಷ ಇಂದಿಗೂ ಅಲ್ಲಿದೆ. ಇದಾಗಿ ಕೆಲವೇ ವರ್ಷಗಳಲ್ಲಿ, 289ರ ಒಂದು ಲ್ಯಾಟಿನ್ ರಾಜಪ್ರಶಸ್ತಿಯು ಪಶ್ಚಿಮದ ಗಾಲ್ ಪ್ರಾಂತದಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಯನ್ ಹೆರುಲಿಯರನ್ನು ಸೋಲಿಸಿದನೆಂದು ಹೊಗಳುತ್ತದೆ. 5ನೆಯ ಶತಮಾನದ ನಡುಭಾಗದಲ್ಲಿ ಏಳು ಹಡಗುಗಳಲ್ಲಿ ಬಂದ ಹೆರುಲಿಯರು ಸ್ಪೇನಿನ ವಾಯವ್ಯ ಕರಾವಳಿಯ ಮೇಲೆರಗಿದುದನ್ನು ಬಿಷಪ್ ಹಿಡೇಶಿಯಸ್ ದಾಖಲಿಸಿದ್ದಾನೆ. ಅದೇ ಶತಮಾನದ ಉತ್ತರಾರ್ಧದಲ್ಲಿ ಡ್ಯಾನ್ಯೂಬ್ ನದಿಯ ಮಧ್ಯಭಾಗದ ಪ್ರದೇಶದಲ್ಲಿ ಅವರದೊಂದು ಸ್ವತಂತ್ರ ರಾಜ್ಯವಿತ್ತು.

ಒಂದೇ ಹೆಸರು ಹೀಗೆ ದೂರದೂರದ ತೀರಗಳಲ್ಲಿ ಕಾಣಿಸಿಕೊಳ್ಳುವುದನ್ನು ವಿವರಿಸಲು ವಿದ್ವಾಂಸರಿಗೆ ಒಂದು ಸಮಾನ ಮೂಲ ಬೇಕಾಯಿತು. ಸ್ಕಾಂಡಿನೇವಿಯ ಆ ಅಗತ್ಯವನ್ನು ಪೂರೈಸಿತು.

3

ಉತ್ತರದ ನೆಲೆಗೆ ಆಧಾರವಾದ ಎರಡು ಕೃತಿಗಳೂ 6ನೆಯ ಶತಮಾನದ ನಡುಭಾಗದಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ ರಚಿತವಾದವು. ಮೊದಲನೆಯದು ಜೋರ್ಡಾನೆಸ್ 551ರ ಸುಮಾರಿಗೆ ಬರೆದ ಗಾಥರ ಚರಿತ್ರೆ. 'ಸ್ಕಾಂಡ್ಜಾ' ದ್ವೀಪದ ಜನಗಳನ್ನು ಹೆಸರಿಸುವಾಗ ಅವನು, ಎತ್ತರದ ನಿಲುವಿಗಾಗಿ ಹೆಮ್ಮೆಪಡುತ್ತಿದ್ದ ಹೆರುಲಿಯರನ್ನು ಡೇನರು ಅವರ ನೆಲೆಯಿಂದ ಹೊರದೂಡಿದರೆಂದು ಹೇಳುತ್ತಾನೆ. ಇದು ಯಾವಾಗ ನಡೆಯಿತೆಂದು ತಿಳಿಸುವುದಿಲ್ಲ. ಅದೇ ಕೃತಿಯ ಇನ್ನೊಂದೆಡೆ, ಹೆರುಲಿಯರು ಅಜೋವ್ ಸಮುದ್ರದ ಬಳಿಯ ಜೌಗು ನೆಲದಲ್ಲಿ ವಾಸಿಸುತ್ತಿದ್ದರೆಂದೂ ಜೌಗಿಗಿರುವ ಗ್ರೀಕ್ ಪದದಿಂದಲೇ ಅವರಿಗೆ ಆ ಹೆಸರು ಬಂದಿತೆಂದೂ ಹೇಳುತ್ತಾನೆ. ಈ ಎರಡು ಹೇಳಿಕೆಗಳನ್ನು ಅವನು ಪರಸ್ಪರ ಜೋಡಿಸಿಲ್ಲ.

ಎರಡನೆಯದು ಪ್ರೊಕೋಪಿಯಸ್ ಬರೆದ ಯುದ್ಧಗಳ ಚರಿತ್ರೆ. ಇದರ ವಿವರಗಳು ದೀರ್ಘವಾಗಿವೆ. 508ರ ಸುಮಾರಿಗೆ ರಾಜ ರೋಡುಲ್ಫನು ತನ್ನವರ ಮೂದಲಿಕೆಗೆ ಮಣಿದು, ಕಾರಣವಿಲ್ಲದೆ ಲೊಂಬಾರ್ಡರ ಮೇಲೆ ಯುದ್ಧ ಹೂಡಿ ಮಡಿದನು. ಚದುರಿದ ಹೆರುಲಿಯರಲ್ಲಿ ಒಂದು ಪಂಗಡ 512ರಲ್ಲಿ ಡ್ಯಾನ್ಯೂಬನ್ನು ದಾಟಿ ರೋಮನ್ ನೆಲದಲ್ಲಿ ಆಶ್ರಯ ಪಡೆಯಿತು. ಇನ್ನೊಂದು ಪಂಗಡ ರಾಜವಂಶದವರ ಮುಂದಾಳುತನದಲ್ಲಿ ಸ್ಲಾವರ ನಾಡುಗಳನ್ನೂ ಡೇನರ ನಾಡನ್ನೂ ಹಾದು, ಕಡಲು ದಾಟಿ 'ಥೂಲೆ'ಯಲ್ಲಿ ಗೌಟರ ನೆರೆಯಲ್ಲಿ ನೆಲೆಸಿತು. ಈ ಥೂಲೆಯನ್ನು ಸ್ಕಾಂಡಿನೇವಿಯವೆಂದು ಗುರುತಿಸಲಾಗಿದೆ.

ಮುಂದೆ ಸಿಂಗಿಡುನಮ್, ಅಂದರೆ ಇಂದಿನ ಬೆಲ್‌ಗ್ರೇಡ್, ಸುತ್ತಿನ ಹೆರುಲಿಯರು ತಮಗೆ ಅರಸನೇ ಬೇಡವೆಂದು ತಮ್ಮ ಅರಸ ಓಕಸ್‌ನನ್ನು ಕೊಂದರು. ಬಳಿಕ ಪಶ್ಚಾತ್ತಾಪಪಟ್ಟು ರಾಜವಂಶದವನೊಬ್ಬನನ್ನು ಕರೆತರಲು ಥೂಲೆಗೆ ದೂತರನ್ನು ಕಳುಹಿಸಿದರು. ಆಯ್ಕೆಯಾದವನು ದಾರಿಯಲ್ಲಿ ಡೇನರ ನಾಡಿನಲ್ಲಿ ತೀರಿಕೊಂಡನು. ದೂತರು ಮತ್ತೆ ಹಿಂದಿರುಗಿ ದಾತಿಯಸ್‌ನನ್ನು ಕರೆತಂದರು. ಅಷ್ಟರಲ್ಲಿ ಇತ್ತ ಜಸ್ಟಿನಿಯನ್ ಚಕ್ರವರ್ತಿ, ಬಹುಕಾಲ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಸುವಾರ್ತುವಾಸ್ ಎಂಬ ಹೆರುಲಿಯನನ್ನು ಅರಸನನ್ನಾಗಿ ನೇಮಿಸಿದ್ದನು. ದಾತಿಯಸ್ ಒಂದು ದಿನದ ಹಾದಿಯಷ್ಟು ದೂರದಲ್ಲಿರುವಾಗಲೇ ಜನರೆಲ್ಲ ರಾತ್ರೋರಾತ್ರಿ ಅವನ ಪಕ್ಷ ಸೇರಿದರು. ಸುವಾರ್ತುವಾಸ್ ಏಕಾಂಗಿಯಾಗಿ ಓಡಿಹೋದನು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೆರುಲಿಯರು ಹಿಂದಿನಿಂದಲೂ ಡ್ಯಾನ್ಯೂಬಿನ ಆಚೆ ವಾಸಿಸುತ್ತಿದ್ದರೆಂಬುದೇ ಪ್ರೊಕೋಪಿಯಸನ ಮಾತು. ಥೂಲೆ ಅವರ ಮೂಲನೆಲೆಯೆಂದು ಅವನು ಹೇಳುವುದಿಲ್ಲ. ಅವರು ಅಲ್ಲಿಗೆ 'ಹೋದರು' ಎನ್ನುತ್ತಾನೆಯೇ ಹೊರತು 'ಮರಳಿದರು' ಎನ್ನುವುದಿಲ್ಲ. ಡೇನರು ಜೋರ್ಡಾನೆಸನಲ್ಲಿ ಹೆರುಲಿಯರನ್ನು ಹೊರದೂಡಿದವರು. ಪ್ರೊಕೋಪಿಯಸನಲ್ಲಾದರೆ ಅವರಿಗೆ ಯಾವ ಹಿಂಸೆಯನ್ನೂ ಮಾಡದೆ ದಾರಿಬಿಟ್ಟವರು. 'ಮರಳುವಿಕೆ' ಎಂಬುದು ಈ ಇಬ್ಬರನ್ನು ಕೂಡಿಸಿ ಓದಿದವರ ಕಲ್ಪನೆ.

4

ಪ್ರೊಕೋಪಿಯಸನ ಬರಹವನ್ನೂ ಅದರ ಸಂದರ್ಭದಿಂದ ಬೇರ್ಪಡಿಸಿ ನೋಡಲಾಗದು. 538ರಲ್ಲಿ ಸೇನಾನಿ ನಾರ್ಸೆಸ್ ಸುಮಾರು ಎರಡು ಸಾವಿರ ಹೆರುಲಿಯರೊಡನೆ ಇಟಲಿಗೆ ಬಂದಿಳಿಯುವ ಪ್ರಸಂಗದಲ್ಲಿ ಈ ವೃತ್ತಾಂತ ಬರುತ್ತದೆ. ನಾರ್ಸೆಸ್ ಬೆಲಿಸಾರಿಯಸನ ಪ್ರತಿಸ್ಪರ್ಧಿ. ಪ್ರೊಕೋಪಿಯಸ್ ಬೆಲಿಸಾರಿಯಸನ ಆಪ್ತವಲಯದವನು. ಇದನ್ನು ಬರೆಯುವ ವೇಳೆಗೆ ದಾತಿಯಸನ ಕಡೆಯ ಹೆರುಲಿಯರು ಸಾಮ್ರಾಜ್ಯವನ್ನು ತೊರೆದು ಗೆಪಿಡರನ್ನು ಕೂಡಿಕೊಂಡಿದ್ದರು. ವೃದ್ಧರನ್ನೂ ರೋಗಿಗಳನ್ನೂ ಕೊಂದು ಸುಡುವವರು, ನಂಬಿಕೆಗೆ ಅರ್ಹರಲ್ಲದವರು ಎಂಬ ಚಿತ್ರಣದ ಹಿಂದೆ ಈ ಅಸಮಾಧಾನವಿದೆ. ಆದರೆ ಇದೇ ಲೇಖಕನು 530ರ ದಾರಾ ಯುದ್ಧದಲ್ಲಿ ಮುನ್ನೂರು ಹೆರುಲಿಯರೊಡನೆ ಹೋರಾಡಿದ ಫಾರಾಸನನ್ನು ಸಜ್ಜನನೆಂದು ಮೆಚ್ಚುತ್ತಾನೆ. ಹೆರುಲಿಯನಾಗಿಯೂ ಸಜ್ಜನನಾಗಿರುವುದು ವಿಶೇಷವೆಂಬ ಧಾಟಿ ಮಾತ್ರ ಆ ಮೆಚ್ಚುಗೆಯಲ್ಲಿಯೂ ತಪ್ಪಿಲ್ಲ.

ಹೀಗಿದ್ದರೂ ದೂತರ ಪ್ರಸಂಗವನ್ನು ಕಟ್ಟುಕತೆಯೆಂದು ತಳ್ಳಿಹಾಕುವಂತಿಲ್ಲ. ಅದು ಲೇಖಕನ ಕಾಲದಲ್ಲಿಯೇ ನಡೆದುದು. ತಾನು ಥೂಲೆಗೆ ಹೋಗಬಯಸಿದರೂ ಅವಕಾಶವಾಗಲಿಲ್ಲವೆಂದೂ ಅಲ್ಲಿಂದ ಬಂದವರನ್ನು ವಿಚಾರಿಸಿ ತಿಳಿದೆನೆಂದೂ ಅವನೇ ಹೇಳುತ್ತಾನೆ. ಆದ್ದರಿಂದ ಉತ್ತರದಲ್ಲಿ ತಮ್ಮ ರಾಜವಂಶದವರಿದ್ದಾರೆಂದು 6ನೆಯ ಶತಮಾನದ ಹೆರುಲಿಯರು ನಂಬಿದ್ದರು ಎನ್ನಲು ಇದು ಸಾಕು. ಮೂರು ಶತಮಾನಗಳ ಹಿಂದಿನ ಮೂಲವನ್ನು ಸಾಧಿಸಲು ಇದು ಸಾಲದು.

5

ಮೂರನೆಯ ಆಧಾರ ಭಾಷಿಕವಾದುದು. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ದೊರೆತ ಹಲವು ರೂನ್ ಲಿಪಿಯ ಬರಹಗಳಲ್ಲಿ 'ಎರಿಲಾಜ್' ಎಂಬ ಪದವಿದೆ. ಲಿಂಡ್‌ಹಾಲ್ಮ್‌ನ ಮೂಳೆಯ ತಾಯಿತ, ಕ್ರಾಗೆಹುಲ್‌ನ ಈಟಿಯ ಹಿಡಿ, ಯಾರ್ಸ್‌ಬರ್ಗ್‌ನ ಶಿಲೆ ಇವುಗಳಲ್ಲಿ ಮುಖ್ಯವಾದವು. ಬರೆದವನು 'ನಾನು ಎರಿಲಾಜ್' ಎಂದು ತನ್ನನ್ನು ಪರಿಚಯಿಸಿಕೊಳ್ಳುತ್ತಾನೆ. 'ಹೆರುಲಿ' ಎಂಬಲ್ಲಿನ ಹಕಾರ ಲ್ಯಾಟಿನ್ ಬರವಣಿಗೆಯ ಸೇರ್ಪಡೆ. ಗ್ರೀಕಿನಲ್ಲಿ ಅದು 'ಎರೂಲೊಯ್'. ಈ ಸಾದೃಶ್ಯದಿಂದ, ರೂನ್ ವಿದ್ಯೆಯನ್ನು ಹರಡಿದವರೇ ಹೆರುಲಿಯರೆಂಬ ವಾದವೂ ಹುಟ್ಟಿಕೊಂಡಿತು.

ಆದರೆ ಈ ಬರಹಗಳಲ್ಲಿ 'ಎರಿಲಾಜ್' ಜನಾಂಗವಾಚಕಕ್ಕಿಂತ ಪದವಿವಾಚಕವಾಗಿಯೇ ಹೆಚ್ಚು ಹೊಂದುತ್ತದೆ. ಪ್ರಾಚೀನ ನಾರ್ಸ್ ಭಾಷೆಯ 'ಯಾರ್ಲ್', ಇಂಗ್ಲಿಷಿನ 'ಅರ್ಲ್' ಎಂಬ ಪದವಿಸೂಚಕಗಳು ಇದಕ್ಕೆ ಹತ್ತಿರದ ರೂಪಗಳು. ಪ್ರತ್ಯಯದ ಸ್ವರಭೇದದಿಂದಾಗಿ ಇವೆಲ್ಲ ಒಂದೇ ಪದವೆಂದು ನೇರವಾಗಿ ಹೇಳುವುದೂ ಕಷ್ಟ. ಜನಾಂಗದ ಹೆಸರು ಪದವಿಯಾಯಿತೋ, ಪದವಿಯೇ ಯೋಧರ ಗುಂಪೊಂದರ ಹೆಸರಾಯಿತೋ ಎಂಬುದು ಇತ್ಯರ್ಥವಾಗಿಲ್ಲ. ಎರಡನೆಯ ಸಾಧ್ಯತೆಯನ್ನು ಒಪ್ಪಿದರೆ, ದೂರದೂರದ ತೀರಗಳ ಹೆರುಲಿಯರು ಒಂದೇ ಬುಡಕಟ್ಟಿನವರಾಗಿರಬೇಕೆಂಬ ಅನಿವಾರ್ಯತೆ ಉಳಿಯುವುದಿಲ್ಲ. ಸ್ವೀಡಿಷ್ ವಿದ್ವಾಂಸ ಆಲ್ವಾರ್ ಎಲ್ಲೆಗೋರ್ಡ್ 1987ರ ತಮ್ಮ ಲೇಖನದಲ್ಲಿ ಸ್ಕಾಂಡಿನೇವಿಯದ ಮೂಲವನ್ನೇ ಪ್ರಶ್ನಿಸಿ, ಹೆರುಲಿಯರು ಡ್ಯಾನ್ಯೂಬಿನ ಉತ್ತರಕ್ಕೆ ರೂಪುಗೊಂಡ ಸಡಿಲವಾದ ಯೋಧರ ಕೂಟವೆಂದು ವಾದಿಸಿದರು.

6

ಒಟ್ಟಿನಲ್ಲಿ, ಜೋರ್ಡಾನೆಸನ ಒಂದು ವಾಕ್ಯ, ಪ್ರೊಕೋಪಿಯಸನ ಒಂದು ವೃತ್ತಾಂತ, ರೂನ್ ಬರಹಗಳ ಒಂದು ಪದ, ಇವು ಮೂರೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ. ಪದದ ಅರ್ಥವನ್ನು ವಲಸೆಯಿಂದ ವಿವರಿಸಿ, ಅನಂತರ ವಲಸೆಯನ್ನು ಅದೇ ಪದದಿಂದ ಸಮರ್ಥಿಸಿದರೆ ಅದು ಅನ್ಯೋನ್ಯಾಶ್ರಯ ದೋಷವಾಗುತ್ತದೆ. ಹೆಸರಿನ ಏಕತೆ ಜನಾಂಗದ ಏಕತೆಗೆ ಪ್ರಮಾಣವಲ್ಲ. ಸ್ವಂತ ಬರಹವಿಲ್ಲದ ಸಮುದಾಯವೊಂದರ ಚರಿತ್ರೆಯನ್ನು ಅನ್ಯರ ಬರಹದಿಂದ ಕಟ್ಟುವಾಗ, ಬರೆದವನ ಪಕ್ಷವನ್ನೂ ಪರಿಗಣಿಸಬೇಕಾಗುತ್ತದೆ. ಹೆರುಲಿಯರ ಮೂಲ ಅನಿಶ್ಚಿತವಾಗಿಯೇ ಉಳಿಯುತ್ತದೆ. ಆದರೆ ಅರಸನನ್ನು ಕೊಂದು, ಪಶ್ಚಾತ್ತಾಪಪಟ್ಟು, ಚಕ್ರವರ್ತಿ ಕೊಟ್ಟವನನ್ನು ತೊರೆದು ಉತ್ತರದಿಂದ ಬಂದವನನ್ನು ಆಯ್ದುಕೊಂಡ ಜನ ತಮ್ಮನ್ನು ಒಂದು ಜನಾಂಗವೆಂದು ಭಾವಿಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ದೊರೆತಿರುವ ಆಕರಗಳು ಹೆಚ್ಚು ಖಚಿತವಾಗಿ ತಿಳಿಸುವುದು ಅವರ ಮೂಲವನ್ನಲ್ಲ, ಈ ಭಾವನೆಯನ್ನು.