ಎಕ್ಮೋ ಪಕ್ಕದಲ್ಲಿ ಕಲಿತ ಪಾಠಗಳು

1. ಎಕ್ಮೋ ಯಂತ್ರ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ, ಇಂಗಾಲದ ಡೈಆಕ್ಸೈಡ್ ತೆಗೆದು ವಾಪಸು ಕಳಿಸುತ್ತದೆ, ಅಷ್ಟೇ. ಹಾಗಾಗಿ ಹಾಕುವ ಮೊದಲು ಕೇಳಿಕೊಳ್ಳಿ: ಈ ಶ್ವಾಸಕೋಶ, ಈ ಹೃದಯ ಚೇತರಿಸಿಕೊಳ್ಳುವಂಥದ್ದೇ? ಅಲ್ಲದಿದ್ದರೆ ಕಸಿಯ ದಾರಿಯಾದರೂ ಇದೆಯೇ? ಎರಡೂ ಇಲ್ಲವಾದರೆ ಹಾಕಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

2. ತಡ ಮಾಡಬೇಡಿ. ಬೋರಲು ಮಲಗಿಸಿಯೂ ಪಿ/ಎಫ್ ಅನುಪಾತ (ರಕ್ತದ ಆಮ್ಲಜನಕದ ಒತ್ತಡಕ್ಕೂ ಉಸಿರಿಗೆ ಕೊಡುವ ಆಮ್ಲಜನಕದ ಪಾಲಿಗೂ ಇರುವ ಅನುಪಾತ) 6 ಗಂಟೆ ಮೀರಿ 80ಕ್ಕಿಂತ ಕೆಳಗೇ ಇದ್ದರೆ ಎಕ್ಮೋ ಕೇಂದ್ರಕ್ಕೆ ಫೋನ್ ಹೋಗಬೇಕು. ಎಕ್ಮೋ ಕುರಿತು 2018ರಲ್ಲಿ ಪ್ರಕಟವಾದ ಇಯೋಲಿಯಾ ಅಧ್ಯಯನದ ಅಳತೆಗಳಲ್ಲಿ ಈ 80, 6 ಗಂಟೆಯ ಮಿತಿಯೂ ಒಂದು. ಅದರಲ್ಲಿ ಸೇರಿಸಿಕೊಂಡದ್ದು ವೆಂಟಿಲೇಟರ್ ಮೇಲೆ 7 ದಿನ ತುಂಬದವರನ್ನು ಮಾತ್ರ.

3. ಶ್ವಾಸಕೋಶ ಮಾತ್ರ ಕೆಟ್ಟಿದ್ದರೆ ವಿವಿ (ಅಭಿಧಮನಿಯಿಂದ ಎಳೆದು ಅಭಿಧಮನಿಗೆ), ಹೃದಯವೂ ಸೋತಿದ್ದರೆ ವಿಎ (ಅಭಿಧಮನಿಯಿಂದ ಎಳೆದು ಅಪಧಮನಿಗೆ). ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ನುಂಗಿ ಬಂದವರನ್ನು ನೆನೆಯಿರಿ. ಅದು ಹೃದಯವನ್ನು ಸೋಲಿಸುತ್ತದೆ, ಪ್ರತಿವಿಷವೂ ಇಲ್ಲ. ಆದರೆ ಮೊದಲ ಕೆಲವು ದಿನ ದಾಟಿದವರ ಹೃದಯ ಮತ್ತೆ ಚೇತರಿಸಿಕೊಳ್ಳುವುದುಂಟು. ಅಂಥವರಿಗೆ ವಿಎ ನಿಜಕ್ಕೂ ಆಸರೆ.

4. ಆಮ್ಲಜನಕ ಬೇಕೆಂದರೆ ಫ್ಲೋ (ರಕ್ತದ ಹರಿವು), ಇಂಗಾಲದ ಡೈಆಕ್ಸೈಡ್ ಇಳಿಸಲು ಸ್ವೀಪ್ (ಆಕ್ಸಿಜನೇಟರ್ ಮೂಲಕ ಹಾಯುವ ಅನಿಲ). ಸ್ವೀಪನ್ನು ಒಮ್ಮೆಲೇ ಏರಿಸಬೇಡಿ, ಮಿದುಳಿಗೆ ಅಪಾಯ.

5. ರಕ್ತ ಎಳೆಯುವ ಲೈನ್ ಪಟಪಟನೆ ಅದುರತೊಡಗಿದರೆ, ಫ್ಲೋ ಬಿತ್ತೆಂದು ಹೊಸಬರ ಕೈ ಪಂಪಿನ ವೇಗ ಏರಿಸಲು ಹೋಗುತ್ತದೆ. ಹಾಗೆ ಮಾಡಿದರೆ ರಕ್ತನಾಳದ ಗೋಡೆ ಕ್ಯಾನ್ಯುಲಾ ಕೊಳವೆಗೆ ಇನ್ನಷ್ಟು ಅಂಟಿಕೊಳ್ಳುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ. ಮೊದಲು ವೇಗ ಸ್ವಲ್ಪ ತಗ್ಗಿಸಿ. ಆಮೇಲೆ ಕಾರಣ ಹುಡುಕಿ: ರಕ್ತಸ್ರಾವವೇ, ನೀರಿನಂಶ ಸಾಲದೇ, ಕೆಮ್ಮೇ, ಎದೆಯೊಳಗೆ ಗಾಳಿ ಸೇರಿತೇ, ಲೈನ್ ಮಡಚಿಕೊಂಡಿತೇ?

6. ತೊಡೆಸಂದಿನಿಂದ ವಿಎ ಹಾಕಿದ್ದರೆ ಸ್ಯಾಚುರೇಷನ್ ಕ್ಲಿಪ್ ಬಲಗೈಗೇ ಇರಲಿ, ಎಬಿಜಿಯೂ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ಅಲ್ಲಿಂದಲೇ. ಹೃದಯ ಚೇತರಿಸಿಕೊಂಡು ಶ್ವಾಸಕೋಶ ಇನ್ನೂ ಕೆಟ್ಟೇ ಇದ್ದರೆ, ಹೃದಯ ತಳ್ಳುವ ಆಮ್ಲಜನಕ ಸಾಲದ ರಕ್ತ ಮಿದುಳಿಗೆ ಹೋಗುತ್ತಿರುತ್ತದೆ. ಕಾಲ್ಬೆರಳು ಮಾತ್ರ 99 ತೋರಿಸುತ್ತದೆ! ಕ್ಯಾನ್ಯುಲಾ ಇರುವ ಕಾಲು ತಣ್ಣಗಾಗಿದೆಯೇ ಎಂದು ಗಂಟೆಗೊಮ್ಮೆ ಮುಟ್ಟಿ ನೋಡಿ.

7. ಆಕ್ಸಿಜನೇಟರ್ ಮೇಲೆ ಪ್ರತಿ ಪಾಳಿಯಲ್ಲೂ ಟಾರ್ಚ್ ಹಾಯಿಸಿ. ಮೂಲೆಗಳಲ್ಲಿ ಕಪ್ಪು ಗರಣೆ ಕಂಡರೆ ಗುರುತು ಹಾಕಿ, ಬೆಳೆಯುತ್ತಿದೆಯೇ ಗಮನಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪರಿನ್ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಗರಣೆ.

8. ಮನೆಯವರ ಜೊತೆ ಕೂತು ಮಾತಾಡಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ. "ಚೇತರಿಕೆ ಕಾಣದಿದ್ದರೆ ನಿಲ್ಲಿಸಬೇಕಾಗುತ್ತದಮ್ಮಾ" ಎಂಬುದನ್ನೂ, ದಿನಕ್ಕೆಷ್ಟು ಖರ್ಚು ಬೀಳುತ್ತದೆ ಎಂಬುದನ್ನೂ ಅಂದೇ ಹೇಳಬೇಕು.