ನಿಯಮವೂ ವಿವೇಕವೂ

ಹೆದ್ದಾರಿಯಲ್ಲಿ ನಿಂತ ಪೊಲೀಸನು ಎತ್ತಿದ ಕೈಗೆ ದೊಡ್ಡ ಅಧಿಕಾರವಿದೆ. ಆ ಕೈಯನ್ನು ಕಂಡೊಡನೆ ಸರಕು ತುಂಬಿದ ಲಾರಿಯೂ ನಿಲ್ಲುತ್ತದೆ, ಸಿರಿವಂತನ ಕಾರೂ ನಿಲ್ಲುತ್ತದೆ, ಬಡ ರೈತನ ದ್ವಿಚಕ್ರ ವಾಹನವೂ ನಿಲ್ಲುತ್ತದೆ. ಈ ಅಧಿಕಾರವನ್ನು ಅವನಿಗೆ ಕೊಟ್ಟದ್ದು ಸಮಾಜ. ರಸ್ತೆಯಲ್ಲಿ ಹೋಗುವವರ ಪ್ರಾಣ ಉಳಿಯಲಿ ಎಂಬುದೇ ಅದರ ಉದ್ದೇಶ. ಆದರೆ ಪ್ರಾಣವನ್ನು ಉಳಿಸಿಕೊಳ್ಳಲೆಂದೇ ಆಸ್ಪತ್ರೆಗೆ ಧಾವಿಸುತ್ತಿರುವವರು ಆ ಕೈಗೆ ಎದುರಾದರೆ ಆಗ ಮಾಡಬೇಕಾದುದೇನು? ನಿಯಮವನ್ನು ನೋಡಬೇಕೆ, ಮನುಷ್ಯನನ್ನು ನೋಡಬೇಕೆ?

ಧಾರವಾಡ ಜಿಲ್ಲೆಯ ಹಳ್ಳಿಗಳವರಿಗೆ ಈ ಪ್ರಶ್ನೆ ದೂರದ್ದಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಈ ಊರುಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ. ಆದರೆ ಹೆರಿಗೆ ಕಠಿಣವಾದಾಗ, ಎದೆನೋವು ಹೆಚ್ಚಿದಾಗ, ಹಾವು ಕಚ್ಚಿ ರೋಗಿಯ ಸ್ಥಿತಿ ವಿಷಮಿಸಿದಾಗ ಹುಬ್ಬಳ್ಳಿಯ ದಾರಿಯನ್ನು ಹಿಡಿಯಬೇಕಾಗುತ್ತದೆ. ೧೯೫೭ರಲ್ಲಿ ಆರಂಭವಾದ ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸುತ್ತಲಿನ ಸೀಮೆಗೆಲ್ಲ ದೊಡ್ಡ ಆಸರೆ. ಕುಂದಗೋಳದವರಿಗೆ ಅದು ಸುಮಾರು ೨೦ ಕಿಲೋಮೀಟರು. ನವಲಗುಂದ, ಅಣ್ಣಿಗೇರಿಯವರಿಗೆ ೩೫ ಕಿಲೋಮೀಟರಿನಷ್ಟು. ಹಳ್ಳಿಯಿಂದ ಹೆದ್ದಾರಿಯನ್ನು ಸೇರುವ ದಾರಿ ಬೇರೆ. ಮಳೆಗಾಲದಲ್ಲಿ ಎರೆಯ ಮಣ್ಣು ಗಾಲಿಯನ್ನು ಹಿಡಿದು ಬಿಡದು. ಬೆಣ್ಣೆಹಳ್ಳ ತುಂಬಿ ಹರಿದರೆ ದಾರಿಯೇ ಮುಚ್ಚಿಹೋಗುತ್ತದೆ. ೨೦೦೮ರಲ್ಲಿ ೧೦೮ ಸಂಖ್ಯೆಯ ಆಂಬುಲೆನ್ಸ್ ಸೇವೆ ಬಂದ ಮೇಲೆ ಅದೆಷ್ಟೋ ಜೀವಗಳು ಉಳಿದಿವೆ. ಆದರೂ ಮನೆಯಲ್ಲಿ ನರಳಾಟ ಕೇಳಿಸುವಾಗ ದಾರಿ ಕಾಯುವ ತಾಳ್ಮೆ ಎಲ್ಲರಿಗೂ ಇರದು. ಕೈಗೆ ಸಿಕ್ಕ ವಾಹನವನ್ನು ಏರಿ ಹೊರಡುತ್ತಾರೆ. ಆ ಗಡಿಬಿಡಿಯಲ್ಲಿ ಶಿರಸ್ತ್ರಾಣ ಗೂಟದಲ್ಲೇ ಉಳಿಯುತ್ತದೆ, ಪರವಾನಗಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಹೀಗೆ ಹೊರಟ ಯುವಕನೊಬ್ಬನನ್ನು ಊಹಿಸಿಕೊಳ್ಳಿರಿ. ಅಣ್ಣಿಗೇರಿಯ ಕಡೆಯಿಂದ ತಾಯಿಯನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದಾನೆ. ತಪಾಸಣೆಯ ಸ್ಥಳದಲ್ಲಿ ಪೊಲೀಸರು ತಡೆಯುತ್ತಾರೆ. “ಸಾಹೇಬ್ರ, ನಮ್ಮ ಅವ್ವಗ ಎದಿನೋವು ಬಂದೈತ್ರಿ, ದವಾಖಾನಿಗೆ ಹೊಂಟೇನ್ರಿ” ಎಂದು ಅವನು ಅಂಗಲಾಚುತ್ತಾನೆ. “ಅದೆಲ್ಲಾ ಆಮ್ಯಾಲೆ, ಮೊದಲ ಲೈಸೆನ್ಸ್ ತಗಿ” ಎನ್ನುವವನು ಒಬ್ಬ ಪೊಲೀಸ್. “ಅವ್ವಾ, ಎಲ್ಲಿ ನೋಯಾಕತ್ತೈತಿ? ತಮ್ಮಾ, ಯಾವ ದವಾಖಾನಿಗೆ ಹೊಂಟೀ?” ಎನ್ನುವವನು ಇನ್ನೊಬ್ಬ. ಇಬ್ಬರೂ ಧರಿಸಿದ ಸಮವಸ್ತ್ರ ಒಂದೇ, ಇಬ್ಬರ ಕೈಯಲ್ಲಿರುವ ಕಾನೂನೂ ಒಂದೇ. ಮೊದಲನೆಯವನು ಕಾಗದವನ್ನು ಕೇಳಿದನು. ಎರಡನೆಯವನು ಮುಖವನ್ನು ನೋಡಿದನು.

ಇಂತಹ ಗಳಿಗೆಯಲ್ಲಿ ವಿವೇಕ ತಪ್ಪಿದರೆ ಏನಾಗುವುದೆಂಬುದನ್ನು ನಮ್ಮ ನಾಡು ಕಣ್ಣಾರೆ ಕಂಡಿದೆ. ೨೦೨೫ರ ಮೇ ೨೬ರಂದು ನಾಯಿ ಕಚ್ಚಿದ ಪುಟ್ಟ ಮಗಳನ್ನು ಎತ್ತಿಕೊಂಡು ತಂದೆತಾಯಿಗಳು ದ್ವಿಚಕ್ರ ವಾಹನದಲ್ಲಿ ಮಂಡ್ಯದ ಆಸ್ಪತ್ರೆಗೆ ಹೊರಟಿದ್ದರು. ನಗರದಲ್ಲಿ ಶಿರಸ್ತ್ರಾಣದ ತಪಾಸಣೆಯಲ್ಲಿದ್ದ ಸಂಚಾರ ಪೊಲೀಸರು ಅವರನ್ನು ತಡೆದರು. ಆ ಸಂದರ್ಭದಲ್ಲಿ ರಸ್ತೆಗೆ ಬಿದ್ದ ಕಂದಮ್ಮ ಬೇರೊಂದು ವಾಹನದ ಗಾಲಿಗೆ ಸಿಕ್ಕಿ ಪ್ರಾಣ ಬಿಟ್ಟಿತು. ಆಸ್ಪತ್ರೆ ಅಲ್ಲಿಂದ ಬಹು ದೂರವೇನೂ ಇರಲಿಲ್ಲ. ಮೂವರು ಸಹಾಯಕ ಸಬ್ ಇನ್‌ಸ್ಪೆಕ್ಟರುಗಳನ್ನು ಅಮಾನತು ಮಾಡಲಾಯಿತು. ಕೆಲವೇ ದಿನಗಳಲ್ಲಿ ರಾಜ್ಯದ ಪೊಲೀಸ್ ಮುಖ್ಯಸ್ಥರು ಸುತ್ತೋಲೆಯನ್ನು ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರಿಯ ದಾಖಲೆಗಳ ಪರಿಶೀಲನೆಗಾಗಿ ವಾಹನಗಳನ್ನು ನಿಲ್ಲಿಸಕೂಡದು, ಓಡುವ ವಾಹನದ ಮುಂದೆ ಹಠಾತ್ತನೆ ನುಗ್ಗಕೂಡದು, ಕೀಲಿಯನ್ನು ಕಿತ್ತುಕೊಳ್ಳಕೂಡದು ಎಂದು ಅದರಲ್ಲಿ ಸೂಚಿಸಲಾಯಿತು.

ದ್ವಿಚಕ್ರ ವಾಹನದ ಸ್ವಭಾವವನ್ನು ಅರಿತವರಿಗೆ ಈ ಸೂಚನೆಗಳ ಬೆಲೆ ತಿಳಿದೀತು. ಎರಡೇ ಗಾಲಿಗಳ ಆ ವಾಹನ ನೆಟ್ಟಗಿರುವುದು ಅದು ಓಡುತ್ತಿರುವವರೆಗೆ ಮಾತ್ರ. ವೇಗ ತಗ್ಗಿದಾಗ ಯಾರಾದರೂ ಹಿಡಿಕೆಯನ್ನೋ ಸವಾರನ ತೋಳನ್ನೋ ಎಳೆದರೆ ತೂಕ ತಪ್ಪಿ ಉರುಳುತ್ತದೆ. ಹಿಂದೆ ಕುಳಿತವರಿಗೂ ಮಡಿಲಲ್ಲಿರುವ ಮಗುವಿಗೂ ಹಿಡಿದುಕೊಳ್ಳಲು ಆಧಾರವಿರುವುದಿಲ್ಲ. ಆದುದರಿಂದ ವಾಹನವನ್ನು ನಿಲ್ಲಿಸುವ ಕೆಲಸವೇ ಎಚ್ಚರವನ್ನು ಬೇಡುತ್ತದೆ.

ಇಷ್ಟಾದರೂ ಒಂದು ಮಾತನ್ನು ಗಮನಿಸಬೇಕು. ಶಿರಸ್ತ್ರಾಣವಿಲ್ಲದಿರುವುದು ಕಣ್ಣಿಗೆ ಕಾಣುವ ತಪ್ಪೇ ಅಲ್ಲವೆ? ಸುತ್ತೋಲೆಯ ಅಕ್ಷರವನ್ನಷ್ಟೇ ಪಾಲಿಸುವವನು ಅಂತಹ ಸವಾರರನ್ನು ನಾಳೆಯೂ ತಡೆಯಬಹುದು. ಎಷ್ಟು ಸುತ್ತೋಲೆಗಳು ಬಂದರೂ ರಸ್ತೆಯ ಮೇಲೆ ನಿಂತವನ ವಿವೇಕಕ್ಕೆ ಅವು ಬದಲಿಯಾಗಲಾರವು.

ಹಾಗೆಂದು ನಿಯಮವೇ ಬೇಡವೆನ್ನುವುದು ಸರಿಯಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಸಾಯಬೇಕಾಗಿದ್ದ ಎಷ್ಟೋ ಜನರನ್ನು ಶಿರಸ್ತ್ರಾಣ ಉಳಿಸಿದೆ. ನಿಯಮವೂ ದಯೆಯ ಒಂದು ರೂಪವೇ. ಮುಂದೆ ಒದಗಬಹುದಾದ ಅಪಾಯವನ್ನು ನೆನೆದು ಹಿರಿಯರು ಮಾಡಿಟ್ಟ ದಯೆ ಅದು. ಆದರೆ ಅಪಾಯ ಮುಂದೆ ಬರಲಿರುವುದಲ್ಲ, ಈಗಲೇ ಎದುರು ನಿಂತಿದೆ ಎಂದಾಗ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ತೂಗಿ ನೋಡಬೇಕಾಗುತ್ತದೆ.

ಹೀಗೆ ತೂಗಿ ನೋಡಲು ಕಾನೂನೂ ಎಡೆಮಾಡಿಕೊಟ್ಟಿದೆ. ಕೇಳಿದ ಕಾಗದಪತ್ರಗಳು ಆ ಗಳಿಗೆಯಲ್ಲಿ ಕೈಯಲ್ಲಿರದಿದ್ದರೆ ಅವುಗಳನ್ನು ೧೫ ದಿನಗಳೊಳಗೆ ಒದಗಿಸಲು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅವಕಾಶವಿದೆ. ವಾಹನದ ಸಂಖ್ಯೆಯನ್ನು ಬರೆದುಕೊಂಡು ದಂಡದ ನೋಟೀಸನ್ನು ಮನೆಗೆ ಕಳುಹಿಸುವ ವ್ಯವಸ್ಥೆಯೂ ಇಂದು ಇದೆ. ಶಿರಸ್ತ್ರಾಣವಿಲ್ಲದಿದ್ದರೆ ನಮ್ಮ ರಾಜ್ಯದಲ್ಲಿ ವಿಧಿಸುವ ೫೦೦ ರೂಪಾಯಿಗಳ ದಂಡ ಹದಿನೈದು ದಿನ ಕಾಯಬಲ್ಲುದು. ಎದೆನೋವಿನ ತಾಯಿ ಹದಿನೈದು ನಿಮಿಷ ಕಾಯಲಾರಳು.

ದಯೆಯೆಂದರೆ “ಹೋಗು” ಎಂದು ಕೈಬೀಸಿ ಬಿಡುವುದಷ್ಟೇ ಅಲ್ಲ. ಪ್ರಜ್ಞೆ ತಪ್ಪುತ್ತಿರುವ ರೋಗಿಯನ್ನು ದ್ವಿಚಕ್ರ ವಾಹನದಲ್ಲೇ ಮುಂದೆ ಸಾಗಗೊಟ್ಟರೆ ದಾರಿಯಲ್ಲಿ ಜಾರಿ ಬೀಳಬಹುದು. ಗಾಬರಿಯಿಂದ ಕೈ ನಡುಗುತ್ತಿರುವವನು ಇನ್ನೊಂದು ಅಪಘಾತಕ್ಕೆ ಕಾರಣನಾಗಬಹುದು. ವಿವೇಕಿಯಾದ ಪೊಲೀಸನು ರೋಗಿ ಯಾರು, ಏನಾಗಿದೆ, ಎಲ್ಲಿಗೆ ಹೋಗಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಅಗತ್ಯವಿದ್ದರೆ ಹಾದಿಯಲ್ಲಿ ಬರುವ ಜೀಪನ್ನೋ ಕಾರನ್ನೋ ನಿಲ್ಲಿಸಿ ರೋಗಿಯನ್ನು ಅದರಲ್ಲಿ ಕೂರಿಸುತ್ತಾನೆ. ಮುಂದಿನ ನಾಕೆಗೆ ಸುದ್ದಿ ಮುಟ್ಟಿಸಿ ದಾರಿಯನ್ನು ತೆರವು ಮಾಡಿಸುತ್ತಾನೆ. ವಾಹನವನ್ನು ನಿಲ್ಲಿಸಬಲ್ಲ ಅಧಿಕಾರ ಆಗ ವಾಹನವನ್ನು ಒದಗಿಸಿಕೊಡುವ ಅಧಿಕಾರವಾಗುತ್ತದೆ.

“ಎಲ್ಲರೂ ಆಸ್ಪತ್ರೆಯ ನೆಪವನ್ನೇ ಹೇಳಿದರೆ?” ಎಂದು ಪೊಲೀಸರು ಕೇಳುವುದುಂಟು. ಈ ಸಂಶಯ ನಿರಾಧಾರವಾದುದಲ್ಲ. ಆದರೆ ವಾಹನದ ಸಂಖ್ಯೆ ಕೈಯಲ್ಲಿರುತ್ತದೆ. ಮರುದಿನ ಆಸ್ಪತ್ರೆಯ ಚೀಟಿಯನ್ನು ತೋರಿಸಲಾರದವನಿಂದ ದಂಡವನ್ನು ವಸೂಲು ಮಾಡಬಹುದು. ಸುಳ್ಳುಗಾರನನ್ನು ಬಿಟ್ಟ ತಪ್ಪನ್ನು ಹೀಗೆ ತಿದ್ದಿಕೊಳ್ಳಬಹುದು. ನಿಜವಾದ ರೋಗಿಯನ್ನು ತಡೆದ ತಪ್ಪಿಗೆ ತಿದ್ದುಪಡಿಯಿಲ್ಲ. ಎರಡು ತಪ್ಪುಗಳಲ್ಲಿ ಯಾವುದು ಚಿಕ್ಕದೆಂದು ಅರಿಯುವುದೇ ವಿವೇಕ.

ಅಂತಹ ವಿವೇಕವನ್ನು ತೋರಿದವರೂ ನಮ್ಮ ನಾಡಿನಲ್ಲಿದ್ದಾರೆ. ೨೦೧೭ರ ಜೂನ್ ೧೭ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಮೆಟ್ರೊ ರೈಲು ಮಾರ್ಗದ ಉದ್ಘಾಟನೆಗಾಗಿ ಬೆಂಗಳೂರಿಗೆ ಬಂದಿದ್ದರು. ಟ್ರಿನಿಟಿ ವೃತ್ತದಲ್ಲಿ ಸಂಚಾರ ವಿಭಾಗದ ಸಬ್ ಇನ್‌ಸ್ಪೆಕ್ಟರ್ ಎಂ. ಎಲ್. ನಿಜಲಿಂಗಪ್ಪನವರು ಕರ್ತವ್ಯದಲ್ಲಿದ್ದರು. ರಾಷ್ಟ್ರಪತಿಗಳ ವಾಹನಗಳ ಸಾಲು ಸಮೀಪಿಸುತ್ತಿದ್ದಾಗಲೇ ದಟ್ಟಣೆಯಲ್ಲಿ ಸಿಲುಕಿದ ಆಂಬುಲೆನ್ಸೊಂದು ಅವರ ಕಣ್ಣಿಗೆ ಬಿತ್ತು. ಅವರು ಹಿಂದೆಮುಂದೆ ನೋಡದೆ ರಾಷ್ಟ್ರಪತಿಗಳ ಸಾಲನ್ನು ತಡೆದು ಆಂಬುಲೆನ್ಸಿಗೆ ದಾರಿ ಮಾಡಿಕೊಟ್ಟರು. ಇದಕ್ಕಾಗಿ ಅವರಿಗೆ ಶಿಕ್ಷೆಯಾಗಲಿಲ್ಲ. ಮೇಲಧಿಕಾರಿಗಳು ಮೆಚ್ಚಿ ಬಹುಮಾನವನ್ನು ಘೋಷಿಸಿದರು. ದೇಶದ ಪ್ರಥಮ ಪ್ರಜೆಗಿಂತಲೂ ಆ ಗಳಿಗೆಯಲ್ಲಿ ಹೆಸರರಿಯದ ರೋಗಿಯೇ ದೊಡ್ಡವನೆಂದು ಕಂಡ ಅವರ ದೃಷ್ಟಿ ದೊಡ್ಡದು.

ಈ ವಿವೇಕ ಪೊಲೀಸರಿಗೆ ಮಾತ್ರ ಮೀಸಲಲ್ಲ. ಸುಳ್ಳು ನೆಪವನ್ನು ಹೇಳಿ ತಪ್ಪಿಸಿಕೊಳ್ಳುವವನು ತನ್ನ ಹಿಂದೆ ಬರುವ ನಿಜವಾದ ರೋಗಿಯ ಮಾತನ್ನೂ ಸುಳ್ಳೆನ್ನಿಸುತ್ತಾನೆ. ಆಂಬುಲೆನ್ಸಿಗೆ ದಾರಿ ಬಿಡದಿರುವುದು ಅಪರಾಧ. ಅಪಘಾತದಲ್ಲಿ ಗಾಯಗೊಂಡವರಿಗೆ ಸದ್ಭಾವದಿಂದ ನೆರವಾದವರಿಗೆ ೨೦೧೯ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ರಕ್ಷಣೆಯನ್ನಿತ್ತಿದೆ. ವಾಹನವನ್ನು ಓಡಿಸುವ ವಯಸ್ಸು ನಿಮ್ಮದಲ್ಲ. ಆದರೆ ೧೦೮ಕ್ಕೂ ೧೧೨ಕ್ಕೂ ಕರೆ ಮಾಡಿ ಊರಿನ ಹೆಸರನ್ನೂ ದಾರಿಯ ಗುರುತನ್ನೂ ಸ್ಪಷ್ಟವಾಗಿ ಹೇಳುವುದನ್ನು ನೀವು ಇಂದೇ ಕಲಿಯಬಹುದು.

ನಿಮ್ಮಲ್ಲಿ ಕೆಲವರು ಮುಂದೆ ಪೊಲೀಸರಾಗುವಿರಿ, ಕೆಲವರು ವೈದ್ಯರಾಗುವಿರಿ, ಕೆಲವರು ಕಚೇರಿಗಳಲ್ಲಿ ಕುಳಿತು ಜನರ ಅರ್ಜಿಗಳನ್ನು ನೋಡುವಿರಿ. ಎಲ್ಲ ಕಡೆಯೂ ನಿಯಮದ ಪುಸ್ತಕವೊಂದು ನಿಮ್ಮ ಕೈಯಲ್ಲಿರುತ್ತದೆ, ಕಷ್ಟದಲ್ಲಿರುವ ಮನುಷ್ಯನೊಬ್ಬ ನಿಮ್ಮೆದುರಿಗಿರುತ್ತಾನೆ. ಪುಸ್ತಕವನ್ನು ತೆರೆಯುವ ಮುನ್ನ ಅವನ ಮುಖವನ್ನೊಮ್ಮೆ ನೋಡಿರಿ.

ಪದಗಳ ಅರ್ಥ
ಶಿರಸ್ತ್ರಾಣ – ತಲೆಯನ್ನು ಕಾಯುವ ಸಾಧನ, ಹೆಲ್ಮೆಟ್ಟು. ವಿಷಮಿಸು – ಕೆಡು, ಅಪಾಯಕ್ಕೆ ತಿರುಗು. ಅಂಗಲಾಚು – ದೈನ್ಯದಿಂದ ಬೇಡಿಕೊ. ಎಡೆ – ಅವಕಾಶ. ನಾಕೆ – ತಪಾಸಣೆಯ ಠಾಣೆ.

ಅಭ್ಯಾಸ
ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ:
೧. ಪೊಲೀಸರಿಗೆ ವಾಹನಗಳನ್ನು ನಿಲ್ಲಿಸುವ ಅಧಿಕಾರವನ್ನು ಸಮಾಜವು ಏಕೆ ಕೊಟ್ಟಿದೆ?
೨. ದಾಖಲೆಗಳನ್ನು ಎಷ್ಟು ದಿನಗಳೊಳಗೆ ಒದಗಿಸಬಹುದು?
ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
೧. ಸುತ್ತೋಲೆಯು ವಿವೇಕಕ್ಕೆ ಬದಲಿಯಾಗಲಾರದು ಏಕೆ?
೨. ನಿಜಲಿಂಗಪ್ಪನವರ ನಡತೆಯ ಹಿರಿಮೆಯೇನು?
ಇ. ಸಂದರ್ಭವನ್ನು ತಿಳಿಸಿ ವಿವರಿಸಿರಿ:
“ನಿಯಮವೂ ದಯೆಯ ಒಂದು ರೂಪವೇ.”